ಕುರಿಯ ಮೈಮೇಲೆ ಎರಡು ಉಣ್ಣೆ

ಕುರಿಯ ಮೈಮೇಲೆ ಎರಡು ಉಣ್ಣೆ ಇರುತ್ತವೆ. ಒಂದು ಅದನ್ನು ಬೆಚ್ಚಗಿಡುತ್ತದೆ, ಇನ್ನೊಂದು ಅದರ ರಕ್ತ ಹೀರುತ್ತದೆ. ಕನ್ನಡದಲ್ಲಿ ಎರಡಕ್ಕೂ ಹೆಸರು ಒಂದೇ. ರಕ್ತ ಹೀರುವ ಉಣ್ಣೆ ದ್ರಾವಿಡ ಪದ, ತಮಿಳಿನಲ್ಲಿ ಅದು ಉಣ್ಣಿ. ಬೆಚ್ಚಗಿಡುವ ಉಣ್ಣೆ ಮಾತ್ರ ಸಂಸ್ಕೃತದ ‘ಊರ್ಣ’ದಿಂದ ಹೊರಟು ಪ್ರಾಕೃತದ ದಾರಿಯಲ್ಲಿ ಬಂದದ್ದು. ವರ್ಣ ಬಣ್ಣವಾಯಿತು, ಚೂರ್ಣ ಸುಣ್ಣವಾಯಿತು, ಊರ್ಣ ಉಣ್ಣೆಯಾಯಿತು. ಇಂಗ್ಲಿಷಿನ ವೂಲ್, ಲ್ಯಾಟಿನ್ನಿನ ಲಾನಾ ಕೂಡ ಇದೇ ಮನೆತನದವು. ಮುಖ ನೋಡಿದರೆ ಹೋಲಿಕೆ ಕಾಣಲ್ಲ, ಆದರೆ ಸಾವಿರಾರು ವರ್ಷ ಬಾಯಿಂದ ಬಾಯಿಗೆ ಸವೆದ ಪದಗಳ ಪಾಡೇ ಹೀಗೆ.

ಉಣ್ಣೆ ಅಂದ ಕೂಡಲೇ ‘ಉಷ್ಣ’ ನೆನಪಾಗಬಹುದು. ಆದರೆ ಈ ಎರಡಕ್ಕೂ ನಂಟಿಲ್ಲ. ಪದದಲ್ಲೂ ಇಲ್ಲ, ವಸ್ತುವಿನಲ್ಲೂ ಇಲ್ಲ. ‘ಉಣ್ಣೆ ಬಿಸಿ ವಸ್ತು’ ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಒಂದು ಥರ್ಮಾಮೀಟರನ್ನು ಸ್ವೆಟರಿನಲ್ಲಿ ಸುತ್ತಿ ಇಡೀ ರಾತ್ರಿ ಬಿಡಿ. ಬೆಳಗ್ಗೆ ನೋಡಿದರೆ ಕೋಣೆಯ ಬಿಸಿ ಎಷ್ಟೋ ಅಷ್ಟೇ ತೋರಿಸುತ್ತದೆ. ಇನ್ನೂ ಅನುಮಾನವಿದ್ದರೆ ಎರಡು ಮಂಜುಗಡ್ಡೆ ತಗೊಳ್ಳಿ. ಒಂದನ್ನು ಹಾಗೇ ಇಡಿ, ಇನ್ನೊಂದಕ್ಕೆ ಉಣ್ಣೆ ಹೊದಿಸಿ. ಹೊದ್ದುಕೊಂಡದ್ದೇ ನಿಧಾನವಾಗಿ ಕರಗುತ್ತದೆ! ಉಣ್ಣೆಗೆ ಬಿಸಿ–ತಂಪು ಎಂಬ ಭೇದವೇ ಗೊತ್ತಿಲ್ಲ. ಒಳಗಿನದನ್ನು ಹೊರಗೆ ಬಿಡಲ್ಲ, ಹೊರಗಿನದನ್ನು ಒಳಗೆ ಬಿಡಲ್ಲ, ಅಷ್ಟೇ.

ಅಸಲಿಗೆ ಆ ಕೆಲಸವೂ ಅದರದ್ದಲ್ಲ, ಗಾಳಿಯದ್ದು. 18ನೇ ಶತಮಾನದ ಕೊನೆಯಲ್ಲಿ ಬೆಂಜಮಿನ್ ಥಾಂಪ್ಸನ್ ಇದನ್ನು ಹಿಡಿದುಹಾಕಿದ. ಮುಂದೆ ಕೌಂಟ್ ರಮ್‌ಫರ್ಡ್ ಎಂದು ಹೆಸರಾದವನು ಇವನೇ. ಹುಟ್ಟಿದ್ದು ಅಮೆರಿಕದಲ್ಲಿ, ಆಗ ಬವೇರಿಯಾದಲ್ಲಿ ಕೆಲಸ, ಸಿಪಾಯಿಗಳ ಬಟ್ಟೆಬರೆಯ ಚಿಂತೆಯೂ ಅವನ ತಲೆಯ ಮೇಲೆಯೇ. ಗಾಜಿನ ಬುರುಡೆಯ ನಡುವೆ ಥರ್ಮಾಮೀಟರ್ ಇಟ್ಟು, ಸುತ್ತ ಉಣ್ಣೆ, ರೇಷ್ಮೆ, ಹತ್ತಿ, ತುಪ್ಪಳ ಹೀಗೆ ಒಂದೊಂದಾಗಿ ತುಂಬಿ, ಎಷ್ಟು ಹೊತ್ತಿಗೆ ತಣಿಯುತ್ತದೆ ಎಂದು ನೋಡಿದ. ಎಳೆಗಳು ಹಿಡಿದಿಟ್ಟ ಗಾಳಿಯೇ ಬಿಸಿಯನ್ನು ತಡೆಯುತ್ತದೆ ಎಂಬ ತೀರ್ಮಾನಕ್ಕೆ ಬಂದ. 1792ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು.

ಗಾಳಿಯದ್ದು ವಿಚಿತ್ರ ಸ್ವಭಾವ. ಸುಮ್ನೆ ನಿಂತಿದ್ದರೆ ಅದರಂಥ ಸೋಮಾರಿ ಇಲ್ಲ, ಹೊರಟಿತೋ ಅದರಂಥ ಹಮಾಲಿ ಇಲ್ಲ. ಕೈಯಿಂದ ಕೈಗೆ ನೀರಿನ ಬಕೆಟ್ ದಾಟಿಸುವ ಜನರ ಸಾಲನ್ನು ನೆನೆಸಿಕೊಳ್ಳಿ. ಜನ ದೂರ ದೂರ ನಿಂತಿದ್ದಾರೆ, ಕೈ ಎಟುಕುವುದೇ ಅಪರೂಪ. ನಿಂತ ಗಾಳಿಯಲ್ಲಿ ಬಿಸಿ ದಾಟುವುದು ಹೀಗೆ, ತಡವರಿಸಿಕೊಂಡು. ಆದರೆ ಅದೇ ಜನ ಬಕೆಟ್ ಹಿಡಿದು ಓಡತೊಡಗಿದರೆ? ಬೀಸುವ ಗಾಳಿ ಮಾಡುವುದು ಅದನ್ನೇ. ಈಗ ಆ ಬಯಲಿನ ತುಂಬ ಅಡ್ಡಾದಿಡ್ಡಿ ಹಗ್ಗ ಕಟ್ಟಿಬಿಡಿ. ಯಾರೂ ಎರಡು ಹೆಜ್ಜೆ ಓಡಲಾರರು. ಉಣ್ಣೆಯ ಎಳೆಗಳೇ ಆ ಹಗ್ಗಗಳು.

ಹಗ್ಗ ನೇರವಾಗಿದ್ದರೆ ಆಗಲ್ಲ. ಕೋಲುಗಳನ್ನು ಕೂಡಿಸಿದರೆ ಒಂದಕ್ಕೊಂದು ಒತ್ತಿಕೊಂಡು ಕಂತೆಯಾಗುತ್ತವೆ, ನಡುವೆ ಜಾಗವೇ ಉಳಿಯಲ್ಲ. ಮುಳ್ಳುಕಂಟಿ ಪೇರಿಸಿದರೆ ಎದೆಯೆತ್ತರ ನಿಲ್ಲುತ್ತದೆ, ಒಳಗೆಲ್ಲ ಬರೀ ಸಂದು. ಉಣ್ಣೆಯ ಎಳೆ ಎರಡನೆಯ ಜಾತಿಯದ್ದು. ಮೆರಿನೋ ಎಂಬ ಕುರಿತಳಿಯದ್ದರಂಥ ನಯವಾದ ಉಣ್ಣೆಯಲ್ಲಿ ಪ್ರತಿ ಎಳೆಯೊಳಗೂ ಅಕ್ಕಪಕ್ಕ ಅಂಟಿಕೊಂಡ ಎರಡು ಬಗೆಯ ಜೀವಕೋಶಗಳ ಪಟ್ಟಿಗಳಿವೆ. ಎರಡೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಒಂದು ಕಡೆ ಎಳೆದಾಗ ಇನ್ನೊಂದು ಕಡೆ ಬಾಗಲೇಬೇಕು. ಬಿಸಿಲಿಗೆ ಎಲೆ ಮುದುರಿದ ಹಾಗೆ ಎಳೆ ಸುರುಳಿಯಾಗುತ್ತದೆ.

ಸರಿ, ಕೆಲಸವೆಲ್ಲ ಸುರುಳಿಯದ್ದು, ಸಿಕ್ಕಿನದ್ದು, ಸಿಕ್ಕಿಬಿದ್ದ ಗಾಳಿಯದ್ದು. ಹಾಗಿದ್ದ ಮೇಲೆ ಕುರಿ ಯಾಕೆ ಬೇಕು? ಗಾಜು ಗಾಳಿಗಿಂತ ಸುಮಾರು 40 ಪಟ್ಟು ಜಾಸ್ತಿ ಬಿಸಿಯನ್ನು ದಾಟಿಸುತ್ತದೆ. ಅದನ್ನೇ ಕರಗಿಸಿ ಸಣ್ಣ ಎಳೆ ತೆಗೆದು ಸಿಕ್ಕು ಮಾಡಿದರೆ ‘ಗ್ಲಾಸ್ ವೂಲ್’. ಅದರಲ್ಲಿ ನೂರಕ್ಕೆ 95 ಪಾಲಿಗಿಂತ ಜಾಸ್ತಿ ಗಾಳಿಯೇ. ಬಿಸಿ ತಡೆಯುವುದರಲ್ಲಿ ಕುರಿಯ ಉಣ್ಣೆಗೆ ಸರಿಸಮ. ಕಲ್ಲು ಕರಗಿಸಿದರೆ ‘ರಾಕ್ ವೂಲ್’. ಹವಾಯಿಯ ಜ್ವಾಲಾಮುಖಿಗಳಲ್ಲಿ ಚಿಮ್ಮುವ ಲಾವಾ ಗಾಳಿಗೆ ಸಿಕ್ಕಿ ತಾನೇ ಕೂದಲೆಳೆಯಾಗುತ್ತದೆ. ಅಲ್ಲಿನ ಜ್ವಾಲಾಮುಖಿ ದೇವತೆಯ ಹೆಸರಲ್ಲಿ ಅದಕ್ಕೆ ‘ಪೆಲೆಯ ಕೂದಲು’ ಎನ್ನುತ್ತಾರೆ. ಪಾತ್ರೆ ಉಜ್ಜುವ ‘ಸ್ಟೀಲ್ ವೂಲ್’ ಬೆಚ್ಚಗಿಡಲೆಂದು ಹುಟ್ಟಿದ್ದಲ್ಲ, ಆದರೂ ವೂಲ್. ಅಂದರೆ ಆಡುಮಾತಿನಲ್ಲಿ ವೂಲ್ ಎಂಬುದು ವಸ್ತುವಿನ ಹೆಸರಾಗಿ ಉಳಿದಿಲ್ಲ, ಒಂದು ರೂಪದ ಹೆಸರಾಗಿದೆ. ಕನ್ನಡದಲ್ಲಿ ಈ ರೂಪಕ್ಕೆ ಇನ್ನೂ ಚೆಂದದ ಪದವಿದೆ: ಅರಳೆ. ಹಿಂಜಿದ ಹತ್ತಿ ಅರಳೆ. ಅರಳುವುದು ಪದದೊಳಗೇ ಕೇಳಿಸುತ್ತದೆ.

ಹೆಸರಿನ ಈ ಜಾರಾಟ ಹೊಸದಲ್ಲ. ಭಾರತದಲ್ಲಿ ಕಾಡುಮರಗಳು ಉಣ್ಣೆ ಬಿಡುತ್ತವೆ, ಅದು ಕುರಿಯದಕ್ಕಿಂತ ಚೆನ್ನ ಎಂದು ಕ್ರಿ.ಪೂ. 5ನೇ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ. ಅವನು ಹೇಳಿದ್ದು ಹತ್ತಿಯನ್ನು. ಜರ್ಮನ್ನರು ಇವತ್ತಿಗೂ ಹತ್ತಿಗೆ ‘ಬಾಮ್‌ವೊಲ್ಲ’, ಅಂದರೆ ಮರದುಣ್ಣೆ, ಎನ್ನುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಗಿಡದಲ್ಲಿ ಕಾಯಿಯ ಹಾಗೆ ಕುರಿಮರಿ ಬಿಡುತ್ತದೆ ಎಂದು ನಂಬಿದವರೂ ಇದ್ದರು! ನಾವೂ ಕಮ್ಮಿಯಿಲ್ಲ. ‘ಉಲ್ಲನ್ ದಾರ’ ಎಂದು ಹೆಣೆಯುವ ಎಷ್ಟೋ ದಾರ ಬರೀ ಅಕ್ರಿಲಿಕ್, ಪೆಟ್ರೋಲಿಯಂನ ಮಗು. ಒಂದು ತುಣುಕು ಸುಟ್ಟರೆ ಗೊತ್ತಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಹಿಸುಕಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ಸಂಸ್ಕೃತದಲ್ಲಿ ಜೇಡಕ್ಕೆ ‘ಊರ್ಣನಾಭ’ ಎಂಬ ಹೆಸರಿದೆ, ಹೊಕ್ಕುಳಲ್ಲಿ ಉಣ್ಣೆ ಇರುವವ. ಜೇಡಕ್ಕೆ ಹೊಕ್ಕುಳಿಲ್ಲ, ಅದು ನೂಲುವುದು ಉಣ್ಣೆಯನ್ನಲ್ಲ, ರೇಷ್ಮೆಯನ್ನು. ತಪ್ಪು ಹೆಸರು ಅಂದುಕೊಂಡಿದ್ದೆ. ಆದರೆ 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ವಿಜ್ಞಾನಿ ವಿಲಿಯಂ ಆಸ್ಟ್‌ಬರಿ ಉಣ್ಣೆಯ ಎಳೆಗೆ ಎಕ್ಸ್-ರೇ ಹಾಯಿಸಿದಾಗ ತಮಾಷೆಯೊಂದು ಕಂಡಿತು. ಸಡಿಲವಾಗಿ ಬಿಟ್ಟ ಉಣ್ಣೆಯ ಚಿತ್ರವೇ ಬೇರೆ, ಒದ್ದೆ ಮಾಡಿ ಜಗ್ಗಿದ ಉಣ್ಣೆಯ ಚಿತ್ರವೇ ಬೇರೆ. ಜಗ್ಗಿದ್ದು ಹೆಚ್ಚುಕಡಿಮೆ ರೇಷ್ಮೆಯ ಹಾಗೆ! ಒಳಗೆ ಮಡಚಿಕೊಂಡ ಪ್ರೋಟೀನಿನ ಸರಪಳಿ ನೀಳವಾಗುತ್ತಿತ್ತು. ಆ ಮಡಿಕೆ ಸ್ಪ್ರಿಂಗಿನಂಥ ಸುರುಳಿ ಎಂದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಜೊತೆಗಾರರು ತೋರಿಸಿದರು. ಆಲ್ಫಾ ಹೆಲಿಕ್ಸ್ ಎಂಬುದು ಅದೇ. ಎಳೆ ಹೊರಗೂ ಸುರುಳಿ, ಒಳಗೂ ಸುರುಳಿ. ಅದೇ ಲೀಡ್ಸ್‌ನ ಉಣ್ಣೆ ಸಂಶೋಧನಾಲಯದಲ್ಲೇ ಮಾರ್ಟಿನ್ ಮತ್ತು ಸಿಂಜ್ ಉಣ್ಣೆಯ ಅಮೈನೋ ಆಮ್ಲಗಳನ್ನು, ಅಂದರೆ ಆ ಸರಪಳಿಯ ಕೊಂಡಿಗಳನ್ನು, ಬೇರ್ಪಡಿಸಲು ಹೆಣಗಿ ಹೊಸ ಬಗೆಯ ಕ್ರೊಮಟೋಗ್ರಫಿ, ಬೆರೆತ ವಸ್ತುಗಳನ್ನು ಬಿಡಿಸುವ ವಿಧಾನ, ಕಂಡುಹಿಡಿದರು. 1952ರ ನೊಬೆಲ್ ಅದಕ್ಕೇ.

ಈಗ ನನ್ನದೇ ಮಾತಿಗೆ ಒಂದು ತಿದ್ದುಪಡಿ. ಉಣ್ಣೆ ಒಂದು ಸಂದರ್ಭದಲ್ಲಿ ನಿಜಕ್ಕೂ ಬಿಸಿ ಹುಟ್ಟಿಸುತ್ತದೆ. ಅದು ಗಾಳಿಯ ತೇವವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ತನ್ನ ಒಣ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು. ಹಾಗೆ ಎಳೆದುಕೊಳ್ಳುವಾಗ ಸ್ವಲ್ಪ ಬಿಸಿ ಹೊರಬರುತ್ತದೆ. ಒಣ ಉಣ್ಣೆ ತೊಟ್ಟು ಥಂಡಿಯ, ತೇವದ ಗಾಳಿಗೆ ಕಾಲಿಟ್ಟವರಿಗೆ ಅದರ ಲಾಭ. ತೇವ ತುಂಬಿದ ಮೇಲೆ ಅದೂ ಮುಗಿಯಿತು. ಗಾಜಿನ ಉಣ್ಣೆಗಂತೂ ಈ ವಿದ್ಯೆ ಬರುವುದೇ ಇಲ್ಲ.

ಬ್ರಿಟನ್ನಿನ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸಭೆ ನಡೆಸುವವರು ಕೂರುವ ಕೆಂಪು ಪೀಠಕ್ಕೆ ‘ವೂಲ್‌ಸ್ಯಾಕ್’, ಉಣ್ಣೆಮೂಟೆ, ಎಂದು ಹೆಸರು. ಆ ದೇಶದ ಸಿರಿ ಉಣ್ಣೆ ವ್ಯಾಪಾರದ ಮೇಲೆ ನಿಂತಿದ್ದ 14ನೇ ಶತಮಾನದ ನೆನಪು ಅದು. 1938ರಲ್ಲಿ ಬಿಚ್ಚಿ ನೋಡಿದರೆ ಒಳಗಿದ್ದದ್ದು ಕುದುರೆ ಕೂದಲು. ಅದೂ ಉಣ್ಣೆಯಂತೆ ಕೆರಾಟಿನ್ ಎಂಬ ಪ್ರೋಟೀನೇ, ಅದರೊಳಗೂ ಅದೇ ಸುರುಳಿ. ಆದರೂ ಅದನ್ನು ತೆಗೆದುಹಾಕಿ ಕುರಿಯ ಉಣ್ಣೆಯನ್ನೇ ತುಂಬಿದರು.