ಬ್ಲಫ್ ಅಂದರೆ ಬರೀ ಸುಳ್ಳಲ್ಲ

"ಐದೇ ನಿಮಿಷಕ್ಕೆ ಬರ್ತೀನಿ ಅಂತ ಬ್ಲಫ್ ಮಾಡಿದ." ಈ ವಾರ ಇಂಥ ಮಾತು ಕೇಳಿದ್ದು ಮೂರನೇ ಸಲ. ಅದು ಬ್ಲಫ್ ಅಲ್ಲ, ಸುಳ್ಳು. ಬುರುಡೆ ಅನ್ನಿ, ಬಂಡಲ್ ಅನ್ನಿ, ರೈಲು ಬಿಟ್ಟ ಅನ್ನಿ. ಕನ್ನಡದಲ್ಲಿ ಅದಕ್ಕೆ ಪದಗಳ ಬರವಿಲ್ಲ. ಬ್ಲಫ್‌ಗೆ ಬೇರೆಯೇ ಕೆಲಸ ಇದೆ.

ಪದದ ಮೂಲ ಡಚ್ ಭಾಷೆ ಎನ್ನುತ್ತಾರೆ. ಅಲ್ಲಿ ‘ಬ್ಲಫೆನ್’ ಅಂದರೆ ಜಂಬ ಕೊಚ್ಚುವುದು, ‘ವರ್‌ಬ್ಲಫೆನ್’ ಅಂದರೆ ಕಕ್ಕಾಬಿಕ್ಕಿ ಮಾಡುವುದು. 17ನೇ ಶತಮಾನದ ಇಂಗ್ಲಿಷಿನಲ್ಲಿ ಬ್ಲಫ್‌ಗೆ ಕಣ್ಣಿಗೆ ಬಟ್ಟೆ ಕಟ್ಟುವುದು ಎಂಬ ಅರ್ಥ ಇತ್ತು. ಈಗಿನ ಅರ್ಥ ಗಟ್ಟಿಯಾದದ್ದು 19ನೇ ಶತಮಾನದ ಅಮೆರಿಕದಲ್ಲಿ, ಪಣ ಕಟ್ಟಿ ಆಡುವ ಪೋಕರ್ ಎಂಬ ಇಸ್ಪೀಟಾಟದವರ ನಡುವೆ. ಕೈಯಲ್ಲಿ ಒಳ್ಳೆ ಎಲೆ ಇಲ್ಲ, ಆದರೂ ಇರುವವನ ಹಾಗೆ ಪಣ ಏರಿಸುತ್ತಾನೆ. ಬಾಯಿಬಿಟ್ಟು ಒಂದು ಸುಳ್ಳೂ ಹೇಳಿಲ್ಲ ನೋಡಿ. ಎದುರಿನವನು ‘ಎಲ್ಲಿ, ತೋರಿಸು’ ಎನ್ನಬಹುದು. ತೋರಿಸಿದಾಗ ಸೋತರೆ ಪಣ ಹೋಯಿತು. ಕೇಳುವ ಹಕ್ಕು ಅವನಿಗೆ, ನಷ್ಟದ ಭಯ ಇವನಿಗೆ. ಇವೆರಡೂ ಇದ್ದರೇನೇ ಬ್ಲಫ್. ಬೇಸಿಗೆ ರಜೆಯಲ್ಲಿ ಇಸ್ಪೀಟಿನ ಬ್ಲಫ್ ಆಡಿದವರಿಗೆ ಇದು ಗೊತ್ತು, ಅಲ್ವಾ? ಎಲೆ ಬೋರಲು ಹಾಕಿ ‘ಮೂರು ರಾಣಿ’ ಎಂದವನು ಸಿಕ್ಕಿಬಿದ್ದರೆ ಅಲ್ಲಿವರೆಗೆ ಕೆಳಗೆ ಬಿದ್ದ ಎಲೆಯೆಲ್ಲ ಅವನ ತಲೆಗೆ.

ಪದಗಳಲ್ಲೂ ಈ ಆಟ ಇದೆ. ಬಿಬಿಸಿ 1965ರಲ್ಲಿ ಶುರು ಮಾಡಿದ ‘ಕಾಲ್ ಮೈ ಬ್ಲಫ್’ ಕಾರ್ಯಕ್ರಮದಿಂದ ಅದು ಮನೆಮಾತಾಯಿತು. ಎರಡು ತಂಡ, ತಂಡಕ್ಕೆ ಮೂವರು. ನಿಘಂಟಿನಿಂದ ಯಾರಿಗೂ ಗೊತ್ತಿಲ್ಲದ ಒಂದು ಪದ. ಒಂದು ತಂಡದ ಮೂವರೂ ಒಂದೊಂದು ಅರ್ಥ ಹೇಳುತ್ತಾರೆ. ಒಂದು ನಿಜ, ಎರಡು ಕಟ್ಟಿದ್ದು. ಎದುರು ತಂಡ ನಿಜವನ್ನು ಹಿಡಿದರೆ ಅಂಕ ಅವರಿಗೆ, ತಪ್ಪಿದರೆ ಇವರಿಗೆ.

ಬ್ಲಫ್ ಅಂದರೆ ಸುಳ್ಳು ಎಂದುಕೊಂಡವರು ಇಲ್ಲೇ ಸೋಲುವುದು. ಇಬ್ಬರು ಕಷ್ಟಪಟ್ಟು ಕಥೆ ಕಟ್ಟುತ್ತಾರೆ. ನಿಜದ ಚೀಟಿ ಸಿಕ್ಕವನು ತನಗೇನೂ ಕೆಲಸವಿಲ್ಲ ಎಂದುಕೊಂಡು ನಿಘಂಟಿನ ಸಾಲನ್ನು ಸುಮ್ನೆ ಓದಿಬಿಡುತ್ತಾನೆ. ತಕ್ಷಣ ಗೊತ್ತಾಗುತ್ತದೆ! ಮೂವರೂ ಸೇರಿ ಆಡುವ ಒಂದೇ ಬ್ಲಫ್ ಇದು. ನಿಜ ಹೇಳುವವನೂ ಸ್ವಲ್ಪ ತಡವರಿಸಬೇಕು, ಇಲ್ಲದ ಕಥೆ ಸೇರಿಸಬೇಕು. ಕಟ್ಟಿ ಹೇಳುವವರು ಜಾಸ್ತಿ ಚಮತ್ಕಾರ ಮಾಡಬಾರದು. ‘ಒಂಟೆಯ ಮೂಗಿನ ಚಿನ್ನದ ಗಂಟೆ’ ಅಂದರೆ ಯಾರು ನಂಬುತ್ತಾರೆ?

ಕನ್ನಡದಲ್ಲಿ ಆಡಿ. ‘ಅಡಪ’ ತೆಗೆದುಕೊಳ್ಳಿ. ಗಾಣದ ಮೇಲೆ ಇಡುವ ಭಾರದ ಕಲ್ಲು, ಎಲೆ ಅಡಿಕೆ ಚೀಲ, ಹೊಸ್ತಿಲ ಕೆಳಗಿನ ಹಲಗೆ. ಮೂರೂ ಮನೆಯ ಸಾಮಾನೇ. ಎದುರು ತಂಡದಲ್ಲಿ ಯಾರಿಗಾದರೂ ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣ ನೆನಪಾದರೆ ನಿಮ್ಮ ಆಟ ಮುಗಿಯಿತು. ಹಡಪ, ಅಡಪ ಎರಡೂ ಅದೇ ಚೀಲ. ಹಾಗಂತ ‘ಕ್ಷೌರದ ಸಾಮಾನಿನ ಚೀಲ’ ಎಂದು ಕಟ್ಟಲು ಹೋಗಬೇಡಿ. ಹಡಪಕ್ಕೆ ಆ ಅರ್ಥವೂ ನಿಜವಾಗಿ ಇದೆ.