ಮೂತಿಯಿಂದ ಮಣ್ಣೆಸೆಯದ ಮೌಲ್‌ವುರ್ಫ್

ಜರ್ಮನ್ ಕಲಿಯುವವರಿಗೆ ಉದ್ದುದ್ದ ಜೋಡುಪದಗಳನ್ನು ಬಿಡಿಸುವುದೆಂದರೆ ಖುಷಿ. 'ಮೌಲ್‌ವುರ್ಫ್' ಸಿಕ್ಕಿದರೆ ತಕ್ಷಣ ಎರಡು ತುಂಡು ಮಾಡುತ್ತಾರೆ. ಮೌಲ್ ಅಂದರೆ ಪ್ರಾಣಿಯ ಮೂತಿ, ವುರ್ಫ್ ಅಂದರೆ ಎಸೆತ. ಹಾಗಾದರೆ ಮೂತಿಯಿಂದ ಮಣ್ಣು ಎಸೆಯುವ ಪ್ರಾಣಿ ಅಂತಾಯ್ತು, ಅಲ್ವಾ? ಅಲ್ಲವೇ ಅಲ್ಲ!

ಮೊದಲು ಪ್ರಾಣಿಯನ್ನೇ ನೋಡಿ. ಇದು ಯುರೋಪಿನ ಹುಲ್ಲುಗಾವಲುಗಳ ಅಡಿಯಲ್ಲಿ ಸುರಂಗ ತೋಡುವ ಮೋಲ್. ನೋಡಲು ಇಲಿಯಂತಿದ್ದರೂ ಸುಂಡಿಲಿಗೆ ಹತ್ತಿರದ ಸಂಬಂಧಿ. ಇದರ ಮುಂಗಾಲುಗಳು ಅಗಲ, ಅಂಗೈ ಹೊರಕ್ಕೆ ತಿರುಗಿದೆ. ಹೆಬ್ಬೆರಳಿನ ಪಕ್ಕದಲ್ಲಿ ಕುಡುಗೋಲಿನಂತೆ ಬಾಗಿದ ಇನ್ನೊಂದು ಮೂಳೆ ಬೇರೆ ಇದೆ. ಅದರಿಂದ ಅಂಗೈ ಇನ್ನೂ ಅಗಲವಾಗುತ್ತದೆ. ಅಗೆಯುವುದು, ಮಣ್ಣನ್ನು ಮೇಲಕ್ಕೆ ತಳ್ಳಿ ಗುಡ್ಡೆ ಹಾಕುವುದು, ಎಲ್ಲ ಈ ಕೈಗಳ ಕೆಲಸ. ಬಾಯಿ ಇರುವುದು ಎರೆಹುಳು ತಿನ್ನೋಕೆ.

ಮತ್ತೆ ಹೆಸರಿನಲ್ಲಿ ಮೂತಿ ಎಲ್ಲಿಂದ ಬಂತು? ಸಾವಿರ ವರ್ಷದ ಹಿಂದಿನ ಜರ್ಮನ್‌ನಲ್ಲಿ ಇದು 'ಮೂವೆರ್ಫ್'. ಮೂ ಅಂದರೆ ಗುಡ್ಡೆ. ಗುಡ್ಡೆ ಎಬ್ಬಿಸುವ ಪ್ರಾಣಿ, ಎಷ್ಟು ಸರಿಯಾದ ಹೆಸರು! ಕಾಲ ಕಳೆದಂತೆ ಜನ 'ಮೂ' ಮರೆತರು. ಆ ಜಾಗಕ್ಕೆ ಪುಡಿಮಣ್ಣು ಎಂಬ ಅರ್ಥದ 'ಮೋಲ್ಟ್' ಬಂತು. ಆಗಲೂ ಅರ್ಥ ಕೆಡಲಿಲ್ಲ. ಇಂಗ್ಲಿಷಿನ ಹಳೆಯ ಹೆಸರು 'ಮೋಲ್ಡ್‌ವಾರ್ಪ್'ನಲ್ಲಿ ಆ ಮಣ್ಣು ಇವತ್ತಿಗೂ ಉಳಿದಿದೆ. ಜರ್ಮನ್‌ನಲ್ಲಿ ಮಾತ್ರ 'ಮೋಲ್ಟ್' ಕೂಡ ಬಳಕೆ ತಪ್ಪಿತು. ಬಿದ್ದುಹೋದ ಗುಂಡಿಯ ಜಾಗಕ್ಕೆ ಮನೆಯಲ್ಲಿ ಸಿಕ್ಕ ಇನ್ಯಾವುದೋ ಗುಂಡಿ ಹೊಲಿಯುತ್ತೇವಲ್ಲ, ಹಾಗೆ ಜನ ಸದ್ದಿನಲ್ಲಿ ಹತ್ತಿರವಿದ್ದ 'ಮೂಲ್' ಸೇರಿಸಿದರು. ಇಂದಿನ 'ಮೌಲ್' ಅದೇ.

ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಕಿವಿಗೆ ಅರ್ಥವಿಲ್ಲದ ತುಂಡು ಬಿದ್ದರೆ ನಾಲಿಗೆ ಸುಮ್ನೆ ಇರುವುದಿಲ್ಲ, ಗೊತ್ತಿರುವ ಪದದ ಕಡೆಗೆ ಅದನ್ನು ಎಳೆದುಕೊಳ್ಳುತ್ತದೆ. ಜರ್ಮನಿಯ ವಿದ್ವಾಂಸ ಎರ್ನ್ಸ್ಟ್ ಫ಼ೋರ್ಸ್ಟೆಮನ್ 1852ರಲ್ಲಿ ಈ ವಿಷಯದ ಮೇಲೆ ಲೇಖನ ಬರೆದು, ಇದನ್ನು 'ಫ಼ೋಲ್ಕ್ಸ್‌ಎಟಿಮೊಲೊಗಿ' ಎಂದು ಕರೆದರು. ಅದೂ ಜೋಡುಪದವೇ, ಜನರ ಪದವ್ಯುತ್ಪತ್ತಿ ಅಂತ. ಇವರು ಸಾಮಾನ್ಯರಲ್ಲ. ಮುಂದೆ ಡ್ರೆಸ್ಡನ್ ಗ್ರಂಥಾಲಯದಲ್ಲಿದ್ದಾಗ, ಅಲ್ಲಿದ್ದ, ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಹಸ್ತಪ್ರತಿಯ ಪಂಚಾಂಗದ ಲೆಕ್ಕ ಬಿಡಿಸಿದ್ದೂ ಇವರೇ.

ನನಗೆ ಜಾಸ್ತಿ ಇಷ್ಟವಾಗುವ ಉದಾಹರಣೆ 'ಹೆಂಗೆಮಾಟೆ', ತೂಗುಮಂಚ. ಹೆಂಗೆನ್ ಅಂದರೆ ತೂಗು, ಮಾಟೆ ಅಂದರೆ ಚಾಪೆ. ಅಚ್ಚ ಜರ್ಮನ್ ಪದ ಅಂತ ಯಾರಾದರೂ ಆಣೆ ಮಾಡಿಯಾರು. ಆದರೆ ಮೂಲ ಪದ 'ಹಮಾಕ'. ಅದು ಕೆರಿಬಿಯನ್ ದ್ವೀಪಗಳ ತಾಯ್ನೊ ಜನರದ್ದು. 1492ರಲ್ಲಿ ಅಲ್ಲಿಗೆ ಬಂದಿಳಿದ ಸ್ಪೇನಿನವರು ಮಂಚದ ಜೊತೆ ಹೆಸರನ್ನೂ ಒಯ್ದರು. ಡಚ್ಚರ ಬಾಯಲ್ಲಿ ಅದು 'ಹಾಂಗ್‌ಮಾಟ್' ಆಯಿತು. ತೂಗುವುದೂ ಚಾಪೆಯೂ ಹೊಕ್ಕಿದ್ದು ಅಲ್ಲೇ, ಜರ್ಮನ್‌ಗೆ ಬಂದದ್ದು ಆಮೇಲೆ.