ಕೂದಲೆಳೆಯಷ್ಟು ಜಾರಿದರೂ ಜಿ ತಂತಿ ಕೈಕೊಡುತ್ತದೆ

ಮೇ ತಿಂಗಳ ಕಲಬುರಗಿಯಲ್ಲಿ ಎಸಿ ಕೋಣೆಯೊಳಗೆ ಶ್ರುತಿ ಮಾಡಿಟ್ಟ ಎಲೆಕ್ಟ್ರಿಕ್ ಗಿಟಾರ್ ಮದುವೆಯ ವೇದಿಕೆ ಹತ್ತಿದ ಎರಡನೇ ಹಾಡಿಗೇ ಅಪಸ್ವರ ನುಡಿಯುತ್ತದೆ. ಮೊದಲು ಕೆಡುವುದು ಮೂರನೇ ತಂತಿ, ಜಿ. ನುಡಿಸುವವರು ಬಿರಡೆಗಳನ್ನು ಬೈದು ಹೊಸ ಸೆಟ್ಟಿಗೆ ದುಡ್ಡು ಸುರಿಯುತ್ತಾರೆ. ತಪ್ಪು ಬಿರಡೆಯದಾಗಿರುವುದು ಅಪರೂಪ. ಅದರ ಗಿಯರ್ ತಂತಿಯ ಸೆಳೆತಕ್ಕೆ ತಾನಾಗಿ ಹಿಂದಕ್ಕೆ ತಿರುಗುವಂಥದ್ದಲ್ಲ.

ಜಿ ತಂತಿಯೇ ಏಕೆ? ನಾದ ಹೊಮ್ಮಿಸುವ ಉದ್ದ 648 ಮಿ.ಮೀ. ಇರುವ ಗಿಟಾರಿನಲ್ಲಿ ಸಣ್ಣ ಇ ತಂತಿ 329.6 ಹರ್ಟ್ಸ್‌ಗೆ ಬರುವ ಹೊತ್ತಿಗೆ ಸುಮಾರು 4.6 ಮಿ.ಮೀ. ಹಿಗ್ಗಿರುತ್ತದೆ. ಜಿ ತಂತಿ 196 ಹರ್ಟ್ಸ್ ಮುಟ್ಟಲು ಹಿಗ್ಗುವುದು ಬರೀ 1.6 ಮಿ.ಮೀ. ಈಗ ಎರಡೂ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಕಚ್ಚುಗಳಿರುವ ಪಟ್ಟಿ) ಮೇಲೆ 0.1 ಮಿ.ಮೀ., ಅಂದರೆ ಒಂದು ಕೂದಲೆಳೆಯಷ್ಟು, ಜಾರಿದವು ಎನ್ನಿ. ಪಕ್ಕಪಕ್ಕದ ಎರಡು ಸ್ವರಗಳ ಅಂತರ ಒಂದು ಸೆಮಿಟೋನ್, ಅದರ ನೂರನೇ ಪಾಲು ಒಂದು ಸೆಂಟ್. ಇ ತಂತಿ 19 ಸೆಂಟ್ ಇಳಿದರೆ ಜಿ 50 ಸೆಂಟ್ ದಾಟುತ್ತದೆ. ಅರ್ಧ ಸೆಮಿಟೋನ್! ಯಾರ ಕಿವಿಯೂ ಅದನ್ನು ಸಹಿಸದು.

ಹಾಗಾಗಿ ಮೊದಲು ನೋಡಬೇಕಾದದ್ದು ನಟ್. ಜಿ ತಂತಿಯನ್ನು ಚೆನ್ನಾಗಿ ಬೆಂಡ್ ಮಾಡಿ (ಒತ್ತಿ ಹಿಡಿದು ಪಕ್ಕಕ್ಕೆಳೆದು) ಬಿಡಿ, ಟ್ಯೂನರ್ ನೋಡಿ. ಶ್ರುತಿ ಇಳಿದಿದ್ದರೆ ನಟ್ ಮತ್ತು ಬಿರಡೆಯ ನಡುವಿನ ತಂತಿಯನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಶ್ರುತಿ ಮತ್ತೆ ಮೇಲೇರಿತೇ? ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದೇ ಅರ್ಥ. ಟ್ರೆಮೊಲೊ ಸರಳನ್ನು, ಅಂದರೆ ಬ್ರಿಡ್ಜ್ (ತಂತಿಗಳ ಬುಡ ಹಿಡಿದಿರುವ ಪಟ್ಟಿ) ಅಲುಗಿಸಿ ಸ್ವರ ಏರಿಳಿಸುವ ಕೈಸರಳನ್ನು, ಒತ್ತಿ ಬಿಟ್ಟ ಮೇಲೆ ಶ್ರುತಿ ಏರಿ ನಿಂತರೂ ಕಾರಣ ಅದೇ, ಸಿಕ್ಕಿಕೊಂಡ ದಿಕ್ಕು ಮಾತ್ರ ಬೇರೆ. ಬಿರಡೆ ತಿರುಗಿಸುವಾಗ ಕೇಳುವ 'ಟಿಂಗ್' ಸದ್ದೂ ಇದರದೇ ಗುರುತು.

ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ. 1000 ನಂಬರಿನ ಮರಳು ಕಾಗದವನ್ನು ಮಡಚಿ ಕಚ್ಚಿನ ಎರಡು ಪಕ್ಕಗಳಿಗೆ ಮಾತ್ರ ಎರಡು ಮೂರು ಸಲ ಉಜ್ಜಿ. 0.43 ಮಿ.ಮೀ. ತಂತಿಗೆ ಕಚ್ಚು 0.05 ಮಿ.ಮೀ. ಅಗಲ ಹೆಚ್ಚಿದ್ದರೆ ಸಾಕು. ತಳ ಮುಟ್ಟಲೇಬೇಡಿ: ಕಚ್ಚು ಆಳವಾದರೆ ಬೆರಳೊತ್ತದೆ ನುಡಿಸಿದ ತಂತಿ ಮೊದಲ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿ) ಬಡಿದು ಝುಂಯ್ ಎನ್ನುತ್ತದೆ, ಆಮೇಲೆ ನಟ್ ಬದಲಿಸುವುದೊಂದೇ ದಾರಿ. ಕೊನೆಗೆ 2ಬಿ ಪೆನ್ಸಿಲ್ಲಿನ ಸೀಸವನ್ನು ಒಳಗೆ ತೀಡಿ. ಗ್ರಾಫೈಟ್ ಪದರಗಳು ಒಂದರ ಮೇಲೊಂದು ಜಾರುತ್ತವೆ, ತಂತಿಯೂ ಜಾರುತ್ತದೆ.

ಹೊಸ ತಂತಿಯಾದರೆ ಬಿರಡೆಗೆ ಎರಡು ಮೂರು ಸುತ್ತು, ಒಂದರ ಮೇಲೊಂದು ಹತ್ತದಂತೆ. 12ನೇ ಫ್ರೆಟ್ ಬಳಿ ಮೆಲ್ಲಗೆ ಮೇಲಕ್ಕೆಳೆದು ಶ್ರುತಿ ಮಾಡಿ; ಇಳಿಯುವುದು ನಿಲ್ಲುವ ತನಕ ಇದನ್ನೇ ಮಾಡಿ. ಟ್ರೆಮೊಲೊ ಇರುವ ಗಿಟಾರಿಗೆ 9-42 ಬಿಟ್ಟು 10-46 ಸೆಟ್ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) ಹಾಕಿದರೆ ಒಟ್ಟು ಸೆಳೆತ ಸುಮಾರು 38 ಕಿಲೋದಿಂದ 46 ಕಿಲೋಗೆ ಏರುತ್ತದೆ, ಬ್ರಿಡ್ಜ್ ಮುಂದಕ್ಕೆ ಬಾಗುತ್ತದೆ. ಹಿಂದಿನ ಸ್ಪ್ರಿಂಗಿನ ಎರಡು ಸ್ಕ್ರೂಗಳನ್ನು ಕಾಲು ಸುತ್ತಿನಷ್ಟು ಬಿಗಿದು, ಮತ್ತೆ ಶ್ರುತಿ ಮಾಡಿ, ಬ್ರಿಡ್ಜ್ ಮೊದಲಿನಂತೆ ನಿಲ್ಲುವವರೆಗೆ ಮುಂದುವರಿಸಿ.

ಇಷ್ಟಾದ ಮೇಲೂ ನಮ್ಮ ಬಿಸಿಲು ಉಳಿಯುತ್ತದೆ. 27 ಡಿಗ್ರಿಯ ಕೋಣೆಯಿಂದ 42 ಡಿಗ್ರಿಗೆ ಬಂದ ಉಕ್ಕಿನ ತಂತಿ ತಾನಾಗಿ ಹಿಗ್ಗುವುದು ಹೆಚ್ಚುಕಡಿಮೆ ಅದೇ 0.1 ಮಿ.ಮೀ. ಮರದ ಕತ್ತು ಅಷ್ಟು ಹಿಗ್ಗುವುದಿಲ್ಲ, ಕಾಯುವುದೂ ನಿಧಾನ. ಆದ್ದರಿಂದ ತಂತಿ ಸಡಿಲಾಗುತ್ತದೆ. ತತ್ವಪದದ ಏಕತಾರಿಗೆ ಇರುವುದು ಒಂದೇ ತಂತಿ. ಅದು ಕೊಂಚ ಇಳಿದರೆ ಹಾಡುವವರ ದನಿಯೂ ಜೊತೆಗೇ ಇಳಿಯಬಲ್ಲದು. ಗಿಟಾರಿನ ಆರು ತಂತಿಗಳು ಒಂದೊಂದು ಒಂದೊಂದಷ್ಟು ಇಳಿಯುವುದರಿಂದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಡೆದುಹೋಗುತ್ತದೆ.

ಕೂಲರಿನ ಗಾಳಿಗೆ ಎದುರಾಗಿ ಗಿಟಾರ್ ಇಡಬೇಡಿ. ಆ ತೇವ ಕುಡಿದ ಮರ ಉಬ್ಬಿ ಕತ್ತಿನ ಬಾಗು ಬದಲಾಗುತ್ತದೆ. ವೇದಿಕೆಯ ನೆರಳಿನಲ್ಲಿ ಅರ್ಧ ಗಂಟೆ ಪೆಟ್ಟಿಗೆ ತೆರೆದಿಟ್ಟು, ದೀಪಗಳು ಹೊತ್ತಿಕೊಂಡ ಮೇಲೆ ಕೊನೆಯ ಶ್ರುತಿ ಮಾಡಿ. ಜಿ ತಂತಿಯನ್ನು ಮೊದಲು ಇಳಿಸಿ, ಕೆಳಗಿನಿಂದ ಏರಿಸುತ್ತಲೇ ಸ್ವರಕ್ಕೆ ತಂದು ನಿಲ್ಲಿಸಿ.